ಜೊತೆದನಿ

ರಾತ್ರಿ ಪಾತ್ರೆ ತೊಳೆಯುತ್ತಾ ರಾಬರ್ಟ್ ಪ್ಲಾಂಟ್ ಮತ್ತು ಆಲಿಸನ್ ಕ್ರೌಸ್ ಹಾಡು ಹಾಕಿಕೊಂಡಿದ್ದೆ. ಕಾಲೇಜಿನ ದಿನಗಳಲ್ಲಿ ನನಗೆ ಪ್ಲಾಂಟ್ ಅಂದರೆ ಲೆಡ್ ಜೆಪ್ಲಿನ್ ಅನ್ನುವ ರಾಕ್ ಬ್ಯಾಂಡ್, ಮುಗಿಲು ಮುಟ್ಟುವ ಆ ದನಿ, ಅಷ್ಟೇ. 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್ ತೀರಿಕೊಂಡರು. ಬ್ಯಾಂಡ್ ಅಲ್ಲಿಗೇ ನಿಂತಿತು. ಆಗ ಪ್ಲಾಂಟ್‌ಗೆ ಬರೀ 32 ವರ್ಷ.

2007ರ ಡಿಸೆಂಬರ್‌ನಲ್ಲಿ ಉಳಿದ ಮೂವರೂ ಲಂಡನ್ನಿನಲ್ಲಿ ಒಂದು ರಾತ್ರಿ ಸೇರಿ ನುಡಿಸಿದರು. ಡ್ರಮ್ಸ್‌ಗೆ ಕೂತಿದ್ದು ಬಾನಮ್ ಮಗ ಜೇಸನ್. ಊರೂರಿಗೆ ಬರಲಿ ಅಂತ ಅಭಿಮಾನಿಗಳು ಕಾದರು. ಪ್ಲಾಂಟ್ ಒಪ್ಪಲಿಲ್ಲ. ಬ್ಲೂಗ್ರಾಸ್ ಅನ್ನುವ ಅಮೆರಿಕದ ಜಾನಪದ ಶೈಲಿಯಲ್ಲಿ ಹಾಡುವ ಕ್ರೌಸ್ ಜೊತೆ ಹೊರಟರು. ಅವರಿಬ್ಬರ ಆಲ್ಬಂಗೆ 2009ರಲ್ಲಿ ವರ್ಷದ ಆಲ್ಬಂ ಗ್ರ್ಯಾಮಿ ಬಂತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪ್ರಶಸ್ತಿ ಅಲ್ಲ. ಜೀವನಪೂರ್ತಿ ಮುಂದೆ ನಿಂತು ಒಬ್ಬರೇ ಹಾಡಿದವರು, ಅರವತ್ತರ ಹತ್ತಿರ ಇನ್ನೊಬ್ಬರ ದನಿಗೆ ದನಿ ಕೂಡಿಸುವುದನ್ನು ಕಲಿತರು! ಎಷ್ಟು ಮೆತ್ತಗೆ ಹಾಡುತ್ತಾರೆ ಗೊತ್ತಾ? ಪಕ್ಕದವರ ಉಸಿರು ಕೇಳಿಸಿಕೊಂಡು ಹಾಡಿದ ಹಾಗೆ.

ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಅದೇ ಹಾಡನ್ನು ಮತ್ತೆ ಮೊದಲಿನಿಂದ ಹಾಕಿದೆ.