ಲಾಗೌಟ್ ಮಾಡಿದ್ರಾ ಸಾರ್?

ಮಂಗಳವಾರದಿಂದ ತಲೆಯಲ್ಲಿ ಇದೊಂದೇ ಪ್ರಶ್ನೆ ಸುತ್ತುತ್ತಿದೆ. ಕೇಳಿದ್ದು ನಮ್ಮ ಟೀಮಿಗೆ ಬಂದು 2 ತಿಂಗಳೂ ಆಗದ ಹುಡುಗಿ. ನಾನು ಈ ಕೆಲಸಕ್ಕೆ ಬಂದು 14 ವರ್ಷ.

ವಿಂಡೋಸ್ ಲ್ಯಾಪ್‌ಟಾಪಿನ ಒಂದು ಫೋಲ್ಡರನ್ನು ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ಒಳಗಿನ ಉಬುಂಟು ಲಿನಕ್ಸಿಗೆ ಶೇರ್ ಮಾಡಿದ್ದೆ. ಫೋಲ್ಡರ್ ಕಾಣುತ್ತೆ, ತೆರೆಯಲು ಹೋದರೆ 'ಪರ್ಮಿಷನ್ ಡಿನೈಡ್'. ನನ್ನದೇ ಲ್ಯಾಪ್‌ಟಾಪ್, ನನ್ನದೇ ಫೋಲ್ಡರ್! ಸಿಟ್ಟು ಬಂದು, ನಮ್ಮಂಥ ಸೀನಿಯರ್‌ಗಳ ಸರ್ವರೋಗ ಔಷಧಿ ಸಿಎಚ್‌ಮಾಡ್ 777, ಅಂದರೆ ಎಲ್ಲರಿಗೂ ಎಲ್ಲ ಪರ್ಮಿಷನ್ ಕೊಡೋ ಕಮಾಂಡ್, ಸುಡೋ (ಅಡ್ಮಿನ್ ಅಧಿಕಾರ) ಹಾಕಿ ಹೊಡೆದೆ. ಎರರ್ ಬರಲಿಲ್ಲ. ಬದಲಾವಣೆಯೂ ಆಗಲಿಲ್ಲ. ಓನರ್ ರೂಟ್ (ಲಿನಕ್ಸಿನ ಅಡ್ಮಿನ್), ಗ್ರೂಪ್ ವಿಬಾಕ್ಸ್‌ಎಸ್‌ಎಫ್ (ವರ್ಚುವಲ್‌ಬಾಕ್ಸ್ ಶೇರ್‌ಗಳ ಗ್ರೂಪ್), ಪರ್ಮಿಷನ್ 770: ಓನರಿಗೂ ಗ್ರೂಪಿಗೂ 7, ಅಂದರೆ ಪೂರ್ತಿ; ಉಳಿದವರಿಗೆ ಸೊನ್ನೆ. ಆ ಕೊನೆಯ ಸೊನ್ನೆಯೇ ನಾನು.

ಫೋಲ್ಡರ್ ನಿಜಕ್ಕೂ ಇರುವುದು ವಿಂಡೋಸಿನಲ್ಲಿ. ಲಿನಕ್ಸಿಗೆ ಕಾಣುವ ಪರ್ಮಿಷನ್ ಮೌಂಟ್ ಮಾಡುವಾಗಲೇ, ಅಂದರೆ ಫೋಲ್ಡರನ್ನು ಲಿನಕ್ಸಿಗೆ ಜೋಡಿಸುವಾಗಲೇ, ತೀರ್ಮಾನವಾಗಿರುತ್ತದೆ. ಆಮೇಲೆ ಎಷ್ಟು ಸಲ 777 ಹೊಡೆದರೂ ಬಂಡೆ ಮೇಲೆ ನೀರು ಸುರಿದ ಹಾಗೆ. ಇದು ಹೊಳೆಯಲು ಒಂದು ಗಂಟೆ ಬೇಕಾಯಿತು. ಕೊನೆಗೆ ಯೂಸರ್‌ಮಾಡ್ ಕಮಾಂಡ್ ಕೊಟ್ಟು ನನ್ನನ್ನು ಆ ವಿಬಾಕ್ಸ್‌ಎಸ್‌ಎಫ್ ಗ್ರೂಪಿಗೆ ಸೇರಿಸಿದೆ. (ಅದರಲ್ಲಿ 'ಇರುವ ಗ್ರೂಪುಗಳನ್ನು ಉಳಿಸಿ ಸೇರಿಸು' ಅನ್ನೋ 'ಎ' ಮರೆತು, ಹಿಂದೊಮ್ಮೆ ಸುಡೋ ಗ್ರೂಪಿನಿಂದ ನನ್ನನ್ನೇ ಓಡಿಸಿಕೊಂಡಿದ್ದೆ. ಅದು ಬೇರೆ ಕಥೆ.) ಆದರೂ 'ಡಿನೈಡ್'.

"ಲಾಗೌಟ್ ಮಾಡಿದ್ರಾ ಸಾರ್?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ."

"ಓ, ಹೌದಾ ಸಾರ್" ಅಂತ ತನ್ನ ಸೀಟಿಗೆ ಹೋದಳು. ವಾದ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಅವಳು ಟೀಗೆ ಎದ್ದು ಹೋದ ಮೇಲೆ ಕಳ್ಳನ ಹಾಗೆ ಲಾಗೌಟ್ ಮಾಡಿ ಬಂದೆ. ಫೋಲ್ಡರ್ ತೆರೆಯಿತು. ನೀವು ಯಾವ ಯಾವ ಗ್ರೂಪಿನವರು ಅನ್ನೋದನ್ನ ಲಿನಕ್ಸ್ ನೋಡುವುದು ಲಾಗಿನ್ ಆಗುವಾಗ. ಹಳೇ ಸೆಷನ್ನಿನಲ್ಲಿ ಕೂತವನಿಗೆ ಹಳೇ ಗುರುತೇ ಗತಿ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ 'ಸಂಬಂಧ ಇಲ್ಲಮ್ಮ' ಅಂದೆನಲ್ಲ! ಆ 'ಅಮ್ಮ' ಅನ್ನೋದರಲ್ಲಿ ಪ್ರೀತಿ ಎಷ್ಟಿತ್ತು, ಬಾಯಿ ಮುಚ್ಚಿಸುವ ಆತುರ ಎಷ್ಟಿತ್ತು?

ನನ್ನ ಮೊದಲ ಬಾಸ್ ಕೂಡ ಹೀಗೇ ಮಾತಾಡುತ್ತಿದ್ದರು. ಆಸಾಮಿ ನನಗೆ ಸ್ವಲ್ಪವೂ ಇಷ್ಟವಿರಲಿಲ್ಲ. 777 ಕಲಿತದ್ದೂ ಅವರಿಂದಲೇ. ಎಷ್ಟು ಸರ್ವರ್‌ಗಳ ಬಾಗಿಲು ಹೀಗೆ ತೆರೆದಿಟ್ಟು ಬಂದಿದ್ದೇನೋ, ಲೆಕ್ಕವಿಲ್ಲ.

ನಿನ್ನೆ ಆ ಹುಡುಗಿಯ ಸ್ಕ್ರೀನಿನಲ್ಲೂ ಶೇರ್ಡ್ ಫೋಲ್ಡರ್, ಅವಳದೇ ಹೆಸರಿಗೆ ಮೌಂಟ್ ಮಾಡಿದ್ದು. ಅಲ್ಲಿಟ್ಟ ಪ್ರೈವೇಟ್ ಕೀಯನ್ನು (ಲಾಗಿನ್‌ಗೆ ಬೇಕಾದ ಗುಟ್ಟಿನ ಫೈಲ್) ಬೇರೆ ಸರ್ವರಿಗೆ ಕನೆಕ್ಟ್ ಮಾಡಿಸುವ ಎಸ್‌ಎಸ್‌ಎಚ್ ಒಪ್ಪುತ್ತಿಲ್ಲ, ಪರ್ಮಿಷನ್ ಜಾಸ್ತಿ ತೆರೆದಿದೆ ಅಂತ. 600, ಅಂದರೆ ಓನರ್ ಮಾತ್ರ ಓದಿ ಬರೆಯುವ ಪರ್ಮಿಷನ್, ಕೊಟ್ಟಳು, ನಿಲ್ಲಲಿಲ್ಲ. ಎರಡನೇ ಸಲ ಕೊಡಲೇ ಇಲ್ಲ. ಕೀಯನ್ನು ಉಬುಂಟುವಿನ ಹೋಮ್ ಫೋಲ್ಡರಿಗೆ ಕಾಪಿ ಮಾಡಿ, ಅಲ್ಲಿ 600 ಕೊಟ್ಟಳು. ಕನೆಕ್ಟ್ ಆಯಿತು. ನಾನು ಹಿಂದೆ ನಿಂತಿದ್ದು ಅವಳಿಗೆ ಆಗಲೇ ಕಂಡಿದ್ದು.

"ಏನಾದ್ರೂ ಬೇಕಿತ್ತಾ ಸಾರ್?"

"ಏನಿಲ್ಲಮ್ಮ" ಅಂದೆ.