ಡೌರೋ ದಿನಚರಿ: ಬಾಟಲಿಯ ಹಿಂದಿನ ತೋಟಗಳು

16 ಸೆಪ್ಟೆಂಬರ್ 2023, ಶನಿವಾರ
ಪಿನ್ಯಾವ್, ಪೋರ್ಚುಗಲ್

ಪೋರ್ಟ್ ವೈನ್ ಬಾಟಲಿ ಮೇಲೆ ಕಂಪನಿ ಹೆಸರು ದಪ್ಪಕ್ಷರದಲ್ಲಿರುತ್ತದೆ. ಗ್ರಹಾಂಸ್, ಟೇಲರ್ಸ್, ಡೌಸ್. ಎಲ್ಲರೂ ನೋಡಲು ಹೋಗುವುದೂ ಸಮುದ್ರದ ಹತ್ತಿರ, ಪೋರ್ಟೋ ನಗರದ ಎದುರು ದಡದ ಗಾಯಾದಲ್ಲಿರುವ ಅವರ ಗೋದಾಮುಗಳನ್ನೇ. ಆದರೆ ದ್ರಾಕ್ಷಿ ಬೆಳೆಯುವುದು ಅಲ್ಲಿಂದ ಬಹಳ ದೂರ, ಡೌರೋ ನದಿಯ ಮೇಲ್ಭಾಗದಲ್ಲಿ. ನಾನು ಬಂದದ್ದೇ ಆ ತೋಟಗಳನ್ನು ನೋಡೋಕೆ.

ಬೆಳಿಗ್ಗೆ ಪೋರ್ಟೋದಲ್ಲಿ ರೈಲು ಹತ್ತಿದ ತಕ್ಷಣ ತಂಗಿ "ಅಕ್ಕಾ, ಬಲಗಡೆ ಕಿಟಕಿ ಹಿಡಿ" ಅಂದಳು. ಮೊದಮೊದಲು ಊರು, ಮರ, ಬೇಲಿ. ಆಮೇಲೆ ಬಲಕ್ಕೆ ನದಿ ಸಿಕ್ಕಿತು, ರೆಗ್ವಾ ದಾಟಿದ ಮೇಲಂತೂ ಹಳಿ ನೀರಿನ ಅಂಚಲ್ಲೇ ಹೋಗುತ್ತದೆ. ಆಚೆ ದಡದ ಬೆಟ್ಟ ಬುಡದಿಂದ ನೆತ್ತಿಯವರೆಗೆ ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ. ಅಲ್ಲಲ್ಲಿ ಬಿಳಿ ಮನೆ, ಗೋಡೆ ಮೇಲೆ ತೋಟದ ಹೆಸರು. ಇಂಥ ತೋಟಕ್ಕೆ ಇಲ್ಲಿ ಕಿಂತಾ ಅನ್ನುತ್ತಾರೆ.

ಮಣ್ಣು ಅಂತ ಹೇಳಿಕೊಳ್ಳುವಷ್ಟು ಇಲ್ಲ. ಪದರ ಪದರವಾಗಿ ಒಡೆಯುವ ಶಿಸ್ಟ್ ಕಲ್ಲು. ಅದನ್ನು ಒಡೆದು, ಒಡೆದ ಕಲ್ಲಿನಲ್ಲೇ ಗಾರೆಯಿಲ್ಲದೆ ಗೋಡೆ ಕಟ್ಟಿ, ಹಿಂದೆ ಪುಡಿ ತುಂಬಿ ಬಳ್ಳಿ ನೆಟ್ಟಿದ್ದಾರೆ. ಬೇರು ಕಲ್ಲಿನ ಬಿರುಕಿನಲ್ಲಿ ಇಳಿದು ನೀರು ಹುಡುಕಿಕೊಳ್ಳುತ್ತದೆ. ನಮ್ಮ ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಬೆಂಗಳೂರು ಬ್ಲೂ ಚಪ್ಪರದ ಮೇಲೆ ಹಬ್ಬಿ ತಲೆ ಮೇಲೆ ಗೊಂಚಲು ತೂಗುತ್ತದೆ, ಅಲ್ವಾ? ಇಲ್ಲಿ ಬಳ್ಳಿ ಸೊಂಟದೆತ್ತರ. ಬಗ್ಗಿ ಬಗ್ಗಿ ಕೊಯ್ಯಬೇಕು, ಅದೂ ಇಳಿಜಾರಿನಲ್ಲಿ ನಿಂತು. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಅಂತ ಇಲ್ಲಿನವರೇ ಹೇಳುತ್ತಾರೆ.

ಪಿನ್ಯಾವ್ ಆದಮೇಲೆ, ತೂವಾ ಸ್ಟೇಷನ್ ಬರುವ ಮುಂಚೆ, ಮಾಲ್ವೆದೋಸ್. ಗ್ರಹಾಂಸ್ ವೈನಿನ ಬೆನ್ನೆಲುಬು ಇದೇ ತೋಟ. ಗ್ರಹಾಂ ಮನೆತನದವರು ಮೂಲತಃ ಗ್ಲಾಸ್ಗೋದ ಬಟ್ಟೆ ವ್ಯಾಪಾರಿಗಳು, ಬೊಂಬಾಯಿಯಲ್ಲೂ ಅವರ ವಹಿವಾಟು ಇತ್ತು. 1820ರಲ್ಲಿ ಪೋರ್ಟೋದಲ್ಲಿ ಬಾಕಿ ಹಣದ ಬದಲು 27 ಪೀಪಾಯಿ ವೈನ್ ಬಂತು, ಅಲ್ಲಿಂದ ವೈನ್ ವ್ಯಾಪಾರ ಶುರುವಾಯಿತು ಅನ್ನುವುದು ಕಂಪನಿ ಹೇಳುವ ಕಥೆ. ಆದರೆ ಮಾಲ್ವೆದೋಸ್ ಕೊಂಡದ್ದು 1890ರಲ್ಲಿ. ಅಂದರೆ ಎಪ್ಪತ್ತು ವರ್ಷ ಹೆಸರು ಅವರದು, ಬೆಳೆ ಬೇರೆಯವರದು. 1970ರಲ್ಲಿ ಕಂಪನಿ ಪೋರ್ಟ್ ವ್ಯಾಪಾರದಲ್ಲೇ ಇದ್ದ ಸಿಮಿಂಗ್ಟನ್ ಮನೆತನದ ಕೈಗೆ ಬಂತು.

ಮಾಲ್ವೆದೋಸ್ ಉತ್ತರ ದಡದಲ್ಲಿದೆ, ದಕ್ಷಿಣಕ್ಕೆ ಮುಖ. ಬಿಸಿಲು ಜಾಸ್ತಿ, ಹಣ್ಣು ಚೆನ್ನಾಗಿ ಕಳಿಯುತ್ತದೆ, ವೈನ್ ಗಾಢವಾಗುತ್ತದೆ. ಬರೀ ಇದೊಂದರಿಂದ ಬಾಟಲಿ ತುಂಬುವುದಿಲ್ಲ. ತೀರಾ ಒಳ್ಳೆಯ ವರ್ಷಗಳಲ್ಲಿ ಬೇರೆ ಬೇರೆ ಕಿಂತಾಗಳ ವೈನ್ ಬೆರೆಸಿ ಕಂಪನಿ ಹೆಸರಲ್ಲಿ ವಿಂಟೇಜ್, ಅಂದರೆ ಒಂದೇ ವರ್ಷದ ಬೆಳೆಯ ಪೋರ್ಟ್, ಮಾಡುತ್ತಾರೆ. ಅಷ್ಟು ಒಳ್ಳೆಯದಲ್ಲದ, ಆದರೂ ಚೆನ್ನಾಗಿರುವ ವರ್ಷಗಳಲ್ಲಿ ಮಾಲ್ವೆದೋಸ್ ತನ್ನದೇ ಹೆಸರಲ್ಲಿ ಬರುತ್ತದೆ. ನನಗೆ ಎರಡನೆಯದೇ ಇಷ್ಟ, ಒಂದು ಜಾಗದ ರುಚಿ ಅದರಲ್ಲೇ ಸಿಗುವುದು.

ನಾವು ಇಳಿಯದೆ ಪೊಸಿನ್ಯೋವರೆಗೂ ಹೋದೆವು. ವಾಲೇರಾ ಹತ್ತಿರ ಕಣಿವೆ ಇದ್ದಕ್ಕಿದ್ದಂತೆ ಕಿರಿದಾಗುತ್ತದೆ. 1861ರಲ್ಲಿ ಇಲ್ಲೇ ದೋಣಿ ಮಗುಚಿ ಜೋಸೆಫ್ ಫಾರೆಸ್ಟರ್ ಸತ್ತದ್ದು. ಪೋರ್ಚುಗಲ್‌ನಲ್ಲಿ ಹರಿಯುವ ಡೌರೋ ನದಿಯ ನಕ್ಷೆ ಬರೆದ ಮನುಷ್ಯ. ಅದೇ ದೋಣಿಯಲ್ಲಿದ್ದ, ಈ ಕಣಿವೆಯ ದೊಡ್ಡ ತೋಟಗಳ ಒಡತಿ ದೋನಾ ಅಂತೋನಿಯಾ ಫೆರೇರಾ ಬದುಕಿಕೊಂಡರು. ಅಗಲ ಲಂಗ ಅವರನ್ನು ತೇಲಿಸಿತು, ಸೊಂಟದಲ್ಲಿದ್ದ ಹಣದ ಪಟ್ಟಿ ಫಾರೆಸ್ಟರ್‌ನನ್ನು ಮುಳುಗಿಸಿತು ಅಂತ ಜನ ಹೇಳುತ್ತಾರೆ. ಈಗ ಅಣೆಕಟ್ಟು ಬಂದು ನೀರು ಸುಮ್ನೆ ನಿಂತಿದೆ.

ಅಂತೋನಿಯಾ ಬಗ್ಗೆ ಎಷ್ಟು ಬರೆದರೂ ಕಡಿಮೆ. ಹುಟ್ಟಿದ್ದು 1811ರಲ್ಲಿ, ರೆಗ್ವಾದಲ್ಲಿ. 33ನೇ ವಯಸ್ಸಿಗೆ ಗಂಡ ತೀರಿಕೊಂಡರು. ಆಮೇಲೆ ವ್ಯವಹಾರ ಪೂರ್ತಿ ಅವರೇ ನಡೆಸಿದರು. ಬೇರಿನ ರಸ ಹೀರುವ ಫಿಲಾಕ್ಸೆರಾ ಹುಳ ಬಂದು ಕಣಿವೆಯ ಬಳ್ಳಿಗಳೆಲ್ಲ ಒಣಗಿ, ಎಷ್ಟೋ ಜನ ತೋಟ ಬಿಟ್ಟು ಹೋದ ಕಾಲದಲ್ಲೂ ಅವರು ಹೊಸದಾಗಿ ನೆಡಿಸುತ್ತಲೇ ಇದ್ದರು. ಆಗ ಬಿಟ್ಟುಹೋದ ಮೆಟ್ಟಿಲುಗಳಲ್ಲಿ ಇವತ್ತಿಗೂ ಪೊದೆ ಬೆಳೆದಿದೆ, ರೈಲಿನಿಂದಲೇ ಕಾಣುತ್ತದೆ. ಅವರ ಮನೆತನದ ವೆಸೂವಿಯೋ ತೋಟ ದಕ್ಷಿಣ ದಡದಲ್ಲಿದೆ, ಅದಕ್ಕೆಂದೇ ಒಂದು ಪುಟ್ಟ ರೈಲ್ವೆ ಸ್ಟೇಷನ್ನೂ ಇದೆ. 1989ರಲ್ಲಿ ಅದನ್ನೂ ಸಿಮಿಂಗ್ಟನ್‌ನವರೇ ಕೊಂಡರು.

ಸಂಜೆ ಪಿನ್ಯಾವ್‌ಗೆ ವಾಪಸ್ ಬಂದು ಒಂದು ಕಿಂತಾದಲ್ಲಿ ದ್ರಾಕ್ಷಿ ತುಳಿಯುವುದನ್ನು ನೋಡಿದೆವು. ಗ್ರಾನೈಟಿನ ಅಗಲವಾದ ತೊಟ್ಟಿ, ಅದಕ್ಕೆ ಲಗಾರ್ ಅನ್ನುತ್ತಾರೆ. ಜನ ಹೆಗಲಿಗೆ ಕೈ ಹಾಕಿಕೊಂಡು ಸಾಲಾಗಿ, ಒಂದೇ ತಾಳಕ್ಕೆ ನಿಧಾನವಾಗಿ ಹೆಜ್ಜೆ ಹಾಕುತ್ತಾರೆ. ಕಾಲಿನ ತುಳಿತಕ್ಕೆ ಸಿಪ್ಪೆಯ ಬಣ್ಣ ಬಿಡುತ್ತದೆ, ಬೀಜ ಮಾತ್ರ ಒಡೆಯುವುದಿಲ್ಲ, ಒಡೆದರೆ ಕಹಿ. ಹುಳಿಯಲು ಬಿಡುವುದು ಎರಡು ಮೂರು ದಿನ ಅಷ್ಟೇ. ಸಕ್ಕರೆ ಸುಮಾರು ಅರ್ಧ ಉಳಿದಿರುವಾಗಲೇ ಶೇ. 77 ಮದ್ಯಸಾರದ ದ್ರಾಕ್ಷಿ ಬ್ರಾಂದಿ ಸುರಿಯುತ್ತಾರೆ. ಯೀಸ್ಟ್ ಸಾಯುತ್ತದೆ, ಸಿಹಿ ಹಾಗೇ ಉಳಿಯುತ್ತದೆ. ಹಳೆಯ ಲೆಕ್ಕದಲ್ಲಿ 550 ಲೀಟರಿನ ಪೀಪಾಯಿಗೆ 435 ಲೀಟರ್ ರಸ, 115 ಲೀಟರ್ ಬ್ರಾಂದಿ. ನಮ್ಮಲ್ಲಿ ಪೋರ್ಟ್ ಅಂತ ಮಾರುವ ಅಗ್ಗದ ಸಿಹಿ ಕೆಂಪು ವೈನಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ವಿಷಯ ಬರೆಯಲೇಬೇಕು. 1756ರಲ್ಲೇ ಪೋರ್ಚುಗಲ್‌ನ ಮಂತ್ರಿ ಪೊಂಬಾಲ್ ಈ ವೈನ್ ಸೀಮೆಗೆ ಗಡಿ ಗೊತ್ತುಮಾಡಿಸಿದ. ಈಗ ಪ್ರತಿ ತೋಟಕ್ಕೂ ಎತ್ತರ, ಇಳಿಜಾರು, ಮಣ್ಣು, ಬಳ್ಳಿಯ ವಯಸ್ಸು ನೋಡಿ ಅಂಕ ಕೊಟ್ಟು ದರ್ಜೆ ಮಾಡುತ್ತಾರೆ. ನದಿಗೆ ಹತ್ತಿರವಿರುವ ತಗ್ಗಿನ, ಬಿಸಿ ಜಾಗಗಳಿಗೆ ಒಳ್ಳೆಯ ಅಂಕ. ಯಾರ ದ್ರಾಕ್ಷಿ ಎಷ್ಟು ಪೋರ್ಟ್ ಆಗಬಹುದು ಅನ್ನುವುದು ಪ್ರತಿ ವರ್ಷ ಈ ದರ್ಜೆಯ ಮೇಲೆ ತೀರ್ಮಾನವಾಗುತ್ತದೆ. ಉಳಿದ ದ್ರಾಕ್ಷಿ ಸಾಮಾನ್ಯ ವೈನಿಗೆ ಹೋಗಬೇಕು, ಅದಕ್ಕೆ ಬೆಲೆ ತೀರಾ ಕಡಿಮೆ. ದೊಡ್ಡ ಕಿಂತಾಗಳು ತಡೆದುಕೊಳ್ಳುತ್ತವೆ. ಮೇಲಿನ ಇಳಿಜಾರಿನಲ್ಲಿ ತುಂಡು ಭೂಮಿ ಇರುವ ಸಾವಿರಾರು ಮನೆಗಳಿಗೆ ಕಷ್ಟ. 2001ರಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು, ಸರಿ. ಆದರೆ ಮಳೆಗಾಲದಲ್ಲಿ ಕುಸಿದ ಗೋಡೆಯನ್ನು ಕಲ್ಲಿನ ಮೇಲೆ ಕಲ್ಲಿಟ್ಟು ಮತ್ತೆ ಕಟ್ಟುವವರು ಈ ಮನೆಯವರೇ, ಆ ಕೂಲಿಯೂ ದ್ರಾಕ್ಷಿಯ ಬೆಲೆಯಲ್ಲಿ ಸೇರಬೇಕು.