ಬೆಳಿಗ್ಗೆ ಎಂಟರ ಕಾರ್ಟಿಸಾಲ್

ನಮ್ಮ ಲ್ಯಾಬಿಗೆ ಕಾರ್ಟಿಸಾಲ್ ಎಂಬ, ಒತ್ತಡದಲ್ಲಿ ಏರುವ ಹಾರ್ಮೋನಿನ ಟೆಸ್ಟ್ ಮಾಡಿಸಲು ಬರುವವರು ಈಗೀಗ ಹೆಚ್ಚಾಗಿದ್ದಾರೆ. ಕೆಲವರ ಕೈಯಲ್ಲಿ ಡಾಕ್ಟರ ಚೀಟಿ ಇರುತ್ತದೆ, ಇನ್ನು ಕೆಲವರು ಮೊಬೈಲಿನಲ್ಲಿ ಏನೋ ನೋಡಿ ತಾವೇ ಬಂದಿರುತ್ತಾರೆ. ತೋಳಿಗೆ ಪಟ್ಟಿ ಕಟ್ಟುವಾಗ ಕೇಳುವುದು ಮಾತ್ರ ಒಂದೇ: "ನನಗೆ ಟೆನ್ಷನ್ ಎಷ್ಟಿದೆ ಅಂತ ಇದರಲ್ಲಿ ಗೊತ್ತಾಗುತ್ತಾ?" ಇಲ್ಲ ಸರ್, ಅದು ಗೊತ್ತಾಗಲ್ಲ ಎಂದರೆ ದುಡ್ಡು ದಂಡವಾಯಿತೇನೋ ಎಂಬಂತೆ ನೋಡುತ್ತಾರೆ.

ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲನ್ನು ದಿನವಿಡೀ ಒಂದೇ ಸಮನೆ ಸುರಿಸುವುದಿಲ್ಲ. ನಡುರಾತ್ರಿಯ ಹೊತ್ತಿಗೆ ಅದು ತೀರಾ ಕಡಿಮೆ. ನಸುಕಿನಲ್ಲಿ ಏರತೊಡಗಿ, ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಇನ್ನಷ್ಟು ಏರಿ, ಆಮೇಲೆ ಸಂಜೆಯವರೆಗೆ ಇಳಿಯುತ್ತಾ ಹೋಗುತ್ತದೆ. ಬೆಳಿಗ್ಗೆ ಡೆಸಿಲೀಟರಿಗೆ 16 ಮೈಕ್ರೋಗ್ರಾಂ ಇದ್ದವರಿಗೆ ಸಂಜೆ 6 ಬಂದರೂ ಅವರು ಆರೋಗ್ಯವಾಗಿಯೇ ಇರಬಹುದು. ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ ಬನ್ನಿ ಎಂದು ನಾವು ಹಟ ಹಿಡಿಯುವುದು ಇದಕ್ಕೇ.

ಬೆಂಗಳೂರಿನಲ್ಲಿ ಇದೂ ಸಾಲುವುದಿಲ್ಲ. ಕಂಪನಿ ಕ್ಯಾಬಿನಿಂದ ಇಳಿದು, ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇಟ್ಟುಕೊಂಡು ಎಂಟು ಗಂಟೆಗೆ ಬರುವ ಹುಡುಗರಿದ್ದಾರೆ. ನಮಗೆ ಅದು ಬೆಳಿಗ್ಗೆ, ಅವರ ದೇಹಕ್ಕೆ ಇನ್ನೂ ಮಲಗದ ರಾತ್ರಿ. ಫಾರ್ಮಿನಲ್ಲಿ ಹೆಸರು, ವಯಸ್ಸು, ಸಮಯಕ್ಕೆ ಜಾಗವಿದೆ, ನಿದ್ದೆಗೆ ಇಲ್ಲ. ನಾನು ಅಂಚಿನಲ್ಲೇ ಬರೆಯುತ್ತೇನೆ: "ನೈಟ್ ಶಿಫ್ಟ್, ಮಲಗಿಲ್ಲ." ಹೀಗೆ ಬರೆದ ಒಬ್ಬರ ರಿಪೋರ್ಟಿನಲ್ಲಿ ಅಂಕಿ ತೀರಾ ಕೆಳಗೆ ಬಂತು. ಅವರು ಇಂಟರ್ನೆಟ್ಟಿನಲ್ಲಿ ಓದಿ ಅಡ್ರಿನಲ್ಲೇ ಕೆಟ್ಟಿದೆ ಎಂದು ಹೆದರಿಕೊಂಡಿದ್ದರು. ಹಾರ್ಮೋನ್ ಡಾಕ್ಟರು ಆ ಒಂದು ಸಾಲು ನೋಡಿ, ರಜೆ ಹಾಕಿ ಕೆಲವು ರಾತ್ರಿ ಸರಿಯಾಗಿ ಮಲಗಿ ಮತ್ತೆ ಮಾಡಿಸಿ ಎಂದರಂತೆ. ಎರಡನೇ ಸಲ ನಾರ್ಮಲ್ ಬಂತು.

ಭಯಕ್ಕೆ ತಕ್ಷಣ ನುಗ್ಗುವುದು ಕಾರ್ಟಿಸಾಲ್ ಅಲ್ಲ, ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು. ಕೈ ತಣ್ಣಗಾಗುತ್ತದೆ, ನರ ಸಿಗುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ. ಅದು ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ. ನಿಧಾನವಾಗಿ ಏರುವ ಕಾರ್ಟಿಸಾಲ್ ಇಳಿಯುವುದಕ್ಕೆ ಹೆಚ್ಚು ಹೊತ್ತು ಬೇಕು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಜಗಳವಾಡಿ ಬಂದವರನ್ನು ನೇರ ಕುರ್ಚಿಗೆ ಕರೆಯದೆ, ಫ್ಯಾನಿನ ಕೆಳಗೆ ಅರ್ಧ ಗಂಟೆಯಾದರೂ ಕೂರಿಸುತ್ತೇವೆ. ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಟೆಸ್ಟಿಗೂ ಇದೇ ನಿಯಮ. ಸೂಜಿಯ ಹೆದರಿಕೆಗೇ ಅದು ಏರಿಬಿಡುತ್ತದೆ.

ಆದರೆ ಹಾರ್ಮೋನು ಮನಸ್ಸನ್ನು ಎಷ್ಟರ ಮಟ್ಟಿಗೆ ಆಡಿಸುತ್ತದೆ ಎಂದು ನನಗೆ ತಿಳಿದದ್ದು ಟೆನ್ಷನ್ ಇರುವವರಿಂದಲ್ಲ, ಕಾರ್ಟಿಸಾಲಿನಂತೆಯೇ ಕೆಲಸ ಮಾಡುವ ಸ್ಟಿರಾಯ್ಡ್ ಮಾತ್ರೆ ನುಂಗುವವರಿಂದ. ಕೀಲುವಾತಕ್ಕೆ ಪ್ರೆಡ್ನಿಸೊಲೋನ್ ತೆಗೆದುಕೊಳ್ಳುತ್ತಿದ್ದ ಒಬ್ಬ ಅಜ್ಜಿಯನ್ನು ಸೊಸೆ ಕರೆತಂದಿದ್ದರು. ಅಜ್ಜಿ ಬಾತ್ರೂಮಿಗೆ ಹೋದದ್ದೇ ತಡ, ಸೊಸೆ ದನಿ ತಗ್ಗಿಸಿ, "ಅತ್ತೆ ರಾತ್ರಿ ಎರಡು ಗಂಟೆಗೆ ಎದ್ದು ಡಬ್ಬಿ ಎಲ್ಲಾ ಇಳಿಸಿ ಒರೆಸ್ತಾರೆ. ಏನಾದ್ರೂ ಅಂದ್ರೆ ಅಳ್ತಾರೆ. ನನ್ನ ಮೇಲೆ ಸಿಟ್ಟೇನೋ" ಎಂದರು. ಮಾತ್ರೆ ಯಾವಾಗ ಕೊಡ್ತೀರಿ ಎಂದು ಕೇಳಿದೆ. ರಾತ್ರಿ ಊಟವಾದ ಮೇಲೆ.

ಇದು ಹೊಸದೇನಲ್ಲ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಅವರ ಸಂಗಡಿಗರು ಕೀಲುವಾತದ ರೋಗಿಗೆ ಮೊದಲ ಬಾರಿ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಕೊಟ್ಟರು. ಎರಡೇ ವರ್ಷದಲ್ಲಿ ನೊಬೆಲ್ ಬಂತು. ನೋವು ಇಳಿದ ಸಂತೋಷದ ಜೊತೆಗೆ ಕಾರಣವಿಲ್ಲದ ಅತಿ ಉತ್ಸಾಹ, ನಿದ್ದೆಗೇಡು, ಕೆಲವರಲ್ಲಿ ಬುದ್ಧಿಭ್ರಮೆಯೂ ಆ ಮೊದಲ ವರ್ಷಗಳಲ್ಲೇ ಕಂಡವು. ಮಾತ್ರೆ ಬದಲಿಸುವುದು ನನ್ನ ಕೆಲಸವಲ್ಲ. ಆದರೆ ಹೊತ್ತು ಮತ್ತು ಡೋಸ್ ಬರೆದು ಕಳಿಸುವುದು ನನ್ನದೇ. ಡಾಕ್ಟರು ಅದನ್ನು ಬೆಳಗಿನ ತಿಂಡಿಯ ನಂತರಕ್ಕೆ ಬದಲಿಸಿದರು. ಮುಂದಿನ ಟೆಸ್ಟಿಗೆ ಬಂದಾಗ ಸೊಸೆ, "ಈಗ ನಾವಿಬ್ರೂ ಮಲಗ್ತೀವಿ" ಎಂದು ನಕ್ಕರು. ಹೆದರಿ ಮಾತ್ರೆಯನ್ನೇ ಒಮ್ಮೆಲೇ ಬಿಟ್ಟಿದ್ದರೆ ಇನ್ನೂ ಅಪಾಯ. ಹೊರಗಿನಿಂದ ಬಹಳ ದಿನ ಸ್ಟಿರಾಯ್ಡ್ ಸಿಕ್ಕಾಗ ಸ್ವಂತ ಗ್ರಂಥಿ ಕೆಲಸ ಮರೆತಿರುತ್ತದೆ, ಬಿ.ಪಿ. ಕುಸಿದು ಜೀವಕ್ಕೇ ಕುತ್ತು ಬರಬಹುದು.

ಕಾಯಿಲೆಯಿಂದಲೇ ಕಾರ್ಟಿಸಾಲ್ ಏರುವ ಕುಶಿಂಗ್‌ನಲ್ಲೂ ಸಿಡುಕು, ಖಿನ್ನತೆ ಸಾಮಾನ್ಯ. ಅದನ್ನು ಹುಡುಕಲು ಬೆಳಗಿನ ಒಂದು ಸ್ಯಾಂಪಲ್ ಸಾಕಾಗದು. ರಾತ್ರಿ ಹನ್ನೊಂದರ ಎಂಜಲು, 24 ಗಂಟೆಯ ಮೂತ್ರ, ಅಥವಾ ರಾತ್ರಿ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ನುಂಗಿ ಬೆಳಿಗ್ಗೆ ಕೊಡುವ ರಕ್ತ ಬೇಕಾಗುತ್ತದೆ. ಗ್ರಂಥಿ ಸೋತ ಅಡಿಸನ್ ಕಾಯಿಲೆಯಲ್ಲಿ ಆಯಾಸ, ಯಾವುದೂ ಬೇಡ ಎನಿಸುವ ಜಿಗುಪ್ಸೆ. ನಮ್ಮ ದೇಶದಲ್ಲಿ ಇದಕ್ಕೆ ಕ್ಷಯವೂ ಒಂದು ಮುಖ್ಯ ಕಾರಣ. ಇವೆರಡನ್ನೂ ಮನೆಯವರು ಬಹಳ ಕಾಲ "ಸ್ವಭಾವವೇ ಹಾಗೆ" ಎಂದುಕೊಂಡಿರುತ್ತಾರೆ.

"ಸ್ಟ್ರೆಸ್ ಪ್ಯಾಕೇಜ್" ಎಂದು ಕಾರ್ಟಿಸಾಲನ್ನು ಮಾರುವುದು ನನಗೆ ಹಿಡಿಸುವುದಿಲ್ಲ. ನಿಜವಾಗಿ ಡಾಕ್ಟರು ಬರೆದಿದ್ದರೆ ಬನ್ನಿ. ಬರುವಾಗ ನಿದ್ದೆಯ ಹೊತ್ತು ಹೇಳಿ. ನುಂಗುವ ಮಾತ್ರೆ, ಎಳೆಯುವ ಇನ್‌ಹೇಲರ್, ಹಚ್ಚುವ ಮುಲಾಮು, ಗರ್ಭನಿರೋಧಕ ಗುಳಿಗೆ, ಕೂದಲಿಗೆಂದು ತಿನ್ನುವ ಬಯೋಟಿನ್ ವಿಟಮಿನ್ ಎಲ್ಲವನ್ನೂ ಹೇಳಿ. ಪ್ರೆಡ್ನಿಸೊಲೋನನ್ನೇ ಕಾರ್ಟಿಸಾಲ್ ಎಂದು ಎಣಿಸಿಬಿಡುವ ಮಷೀನುಗಳಿವೆ. ಫಾರ್ಮಿನಲ್ಲಿ ಜಾಗ ಸಾಲದಿದ್ದರೆ ಹಿಂದೆ ಬರೆದುಕೊಳ್ಳುತ್ತೇನೆ.